ಸಾದಾ ಗಡ್ಡೆ

"ಒಬ್ಬ ಮುದುಕರ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇದೆ, ಸರ್. ಸಾದಾ ಗಡ್ಡೆ ಎಂದು ಹೇಳಿಬಿಡಿ ಎಂದು ಅವರ ಮಗ ಕೈಮುಗಿದು ಬೇಡುತ್ತಿದ್ದಾನೆ. ಆ ಒಂದು ಮಾತಿನಿಂದ ಅವರು ನೆಮ್ಮದಿಯಾಗಿರುವುದಾದರೆ ಹೇಳುವುದರಲ್ಲಿ ತಪ್ಪೇನು?"

ಹೀಗೆ ಕೇಳಿದವಳು ಭಾರ್ಗವಿ. ಎದೆರೋಗದ ವೈದ್ಯ ಚನ್ನವೀರಯ್ಯನವರ ಬಳಿ ಕಲಿಯುತ್ತಿದ್ದಳು. ಮರುದಿನ ಬೆಳಿಗ್ಗೆ ಅವಳೇ ಆ ಮುದುಕರಿಗೆ ವಿಷಯ ತಿಳಿಸಬೇಕಿತ್ತು. ಚನ್ನವೀರಯ್ಯನವರಿಗೆ ಈ ಪ್ರಶ್ನೆ ಹೊಸದಲ್ಲ. ಆದರೂ ಕೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಸಿಟ್ಟು ನುಂಗಿಕೊಂಡು ಹೇಳತೊಡಗಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಆಯಿತು. ವೈದ್ಯರು ಅವನನ್ನು ಬಾಗಿಲ ಹೊರಗೆ ಕರೆದು ನಿಜ ಹೇಳಿದರು. ಅವನು ಕಣ್ಣೊರೆಸಿಕೊಂಡು, ಮುಖಕ್ಕೆ ನಗು ತಂದುಕೊಂಡು ಒಳಗೆ ಬಂದ. ಅವಳ ಹೆಗಲ ಮೇಲೆ ಕೈಯಿಟ್ಟು, ಸಾದಾ ಗಡ್ಡೆಯಂತೆ, ಕೆಟ್ಟದ್ದೇನಲ್ಲವಂತೆ ಎಂದ. ಅವಳು ನಂಬಿದಳು. ಅವಳಿಗೆ ತಂಗಿಯೊಡನೆ ಮಾತು ಬಿಟ್ಟುಹೋಗಿತ್ತು. ವಾಸಿಯಾದ ಮೇಲೆ ನಾನೇ ಹೋಗಿ ಮಾತಾಡಿಸುತ್ತೇನೆ ಎನ್ನುತ್ತಿದ್ದಳು. ಹೋಗುವ ಮೊದಲೇ ತೀರಿಕೊಂಡಳು. ಎಂಥ ಒಳ್ಳೆಯ ಗಂಡ, ಕೊನೆಯತನಕ ಅವಳ ಮನಸ್ಸಿಗೆ ನೋವಾಗಲು ಬಿಡಲಿಲ್ಲ ಎಂದು ಊರೆಲ್ಲ ಅವನನ್ನು ಹೊಗಳಿತು.

ಕೆಲವು ವರ್ಷಗಳ ಮೇಲೆ ಅವನಿಗೇ ಕೆಮ್ಮು ಹಿಡಿಯಿತು. ಈ ಸಲ ಬೇರೆ ಆಸ್ಪತ್ರೆ, ಬೇರೆ ವೈದ್ಯರು. ಸಿ.ಟಿ. ಸ್ಕ್ಯಾನ್ ತೆಗೆದರು. ಶ್ವಾಸನಾಳದ ಒಂದು ಕವಲೊಳಗೆ ಗಡ್ಡೆ ಕೂತಿತ್ತು. ಚಿತ್ರದಲ್ಲಿ ಅದರೊಳಗಿನ ಕೊಬ್ಬು ಕಪ್ಪಗೆ, ಸುಣ್ಣದ ಅಂಶ ಬೆಳ್ಳಗೆ ಕಾಣುತ್ತಿತ್ತು. ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಿವಿಯಲ್ಲಿರುವಂಥ ಮೆದು ಎಲುಬು, ಒಂದಿಷ್ಟು ಕೊಬ್ಬು, ಅಷ್ಟೇ. ಅಪರೂಪದ ಗಡ್ಡೆ, ಆದರೆ ಕ್ಯಾನ್ಸರ್ ಅಲ್ಲ. ಉಸಿರಿನ ದಾರಿಗೆ ಅಡ್ಡ ಕೂತದ್ದೊಂದೇ ಅದರ ತಪ್ಪು. ಬಾಯಿಯ ಮೂಲಕ ಕೊಳವೆ ಇಳಿಸಿ ತೆಗೆದುಬಿಟ್ಟರೆ ಅವನು ಬದುಕುತ್ತಾನೆ. ಹಾಗೇ ಬಿಟ್ಟರೆ ಅದರಾಚೆಯ ಶ್ವಾಸಕೋಶ ಕೀವುಗಟ್ಟುತ್ತದೆ.

ವೈದ್ಯರು ರೂಢಿಯಂತೆ ಮೊದಲು ಅವನ ತಮ್ಮನನ್ನು ಬಾಗಿಲ ಹೊರಗೆ ಕರೆದು ಹೇಳಿದರು. ಸಂತೋಷಕ್ಕೆ ತಮ್ಮನ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ನಗುತ್ತ ಒಳಗೆ ಬಂದ. ಅಣ್ಣನ ಹೆಗಲ ಮೇಲೆ ಕೈಯಿಟ್ಟು, ಸಾದಾ ಗಡ್ಡೆಯಂತೆ ಎಂದ.

ವ್ಯಾಪಾರಿ ಆ ಕೈಯನ್ನು ತೆಗೆದುಹಾಕಿದ.

"ನಾನೂ ಹೀಗೇ ಕಣ್ಣೊರೆಸ್ಕೊಂಡು ನಗ್ತಾ ಒಳಗೆ ಬಂದಿದ್ದೆ ಕಣೋ. ಯಾರ ಹತ್ರ ಹೇಳ್ತಿದೀಯ?"

ವೈದ್ಯರು ಸ್ಕ್ಯಾನಿನ ಚಿತ್ರ ತೋರಿಸಿದರು. ನನ್ನ ಹೆಂಡತಿಗೂ ಚಿತ್ರ ತೋರಿಸಿದ್ದರು ಎಂದ ವ್ಯಾಪಾರಿ. ಕೊನೆಗೆ ಸೂಕ್ಷ್ಮದರ್ಶಕದ ಮುಂದೆಯೇ ಕೂರಿಸಿದರು. ಅವನು ಬಗ್ಗಿ ನೋಡಿ ಎದ್ದ.

"ಇದು ನನ್ನದೇ ಅಂತ ಹೇಳೋರು ಯಾರು? ನೀವೇ ತಾನೆ?"

ವೈದ್ಯರು ಏನು ಹೇಳಿದರೂ ಅದು ಅವರ ಮಾತೇ ಆಗುತ್ತಿತ್ತು.

ವ್ಯಾಪಾರಿ ತಲೆಯೆತ್ತಿಕೊಂಡೇ ಹೊರಟ. ಹೇಗೂ ಸಾಯುವವನ ಗಂಟಲಿಗೆ ಕೊಳವೆ ಬೇಡ, ಯಾರ ಕರುಣೆಯೂ ಬೇಡ, ನಾನು ತಿಳಿದೇ ಸಾಯುತ್ತೇನೆ ಎಂದ. ಹೆಂಡತಿಯ ತಂಗಿಯ ಮನೆಗೆ ಹೋಗಿ, ಮುಚ್ಚಿಟ್ಟದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದ. ಆಮೇಲೆ ಮನೆಯಲ್ಲಿ ಕೂತ. ತಮ್ಮ ಬಂದು ಅಣ್ಣನ ಕಾಲು ಹಿಡಿದ, ಆಣೆ ಇಟ್ಟ, ಅತ್ತ. ಅವನು ಅತ್ತಷ್ಟೂ ಅಣ್ಣನ ಅನುಮಾನ ಗಟ್ಟಿಯಾಯಿತು. ಮುಂದಿನ ಮಳೆಗಾಲದೊಳಗೆ ಶ್ವಾಸಕೋಶದಲ್ಲಿ ಕೀವು ತುಂಬಿ ಸತ್ತ. ಬಾಯಿಯಿಂದಲೇ ತೆಗೆಯಬಹುದಾಗಿದ್ದ ಗಡ್ಡೆಯನ್ನು ಎದೆಯಲ್ಲಿಟ್ಟುಕೊಂಡು ಸತ್ತ.

ಚನ್ನವೀರಯ್ಯನವರು ಕತೆ ನಿಲ್ಲಿಸಿದರು. ಭಾರ್ಗವಿ ಒಪ್ಪಿಕೊಳ್ಳಲಿಲ್ಲ. ಆ ವ್ಯಾಪಾರಿಯ ಹಟಕ್ಕೆ ಏನು ಮಾಡಲಾದೀತು, ತನ್ನ ಮುದುಕರಿಗಂತೂ ಈ ಸುಳ್ಳಿನಿಂದ ಯಾವ ಕೇಡೂ ಇಲ್ಲವಲ್ಲ ಎಂದಳು.

"ನಾಳೆ ನೀನು ಅಪ್ಪನಿಗೆ ಸಾದಾ ಗಡ್ಡೆ ಎನ್ನುವಾಗ ಮಗ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಾನೆ, ಅವನಿಗೂ ಒಂದು ದಿನ ಕೆಮ್ಮು ಬರುತ್ತದೆ."