ಅನ್ನದ ಜಾಗ

“ಮಾತಾಡುವವರು ಹೇಳದೆ ಬಿಟ್ಟಿದ್ದನ್ನು ನಾವು ತುಂಬಿದರೆ ತಪ್ಪೇನು ಸರ್?” ಎಂದು ಮೇದಿನಿ ಗುರುಗಳನ್ನು ಕೇಳಿದಳು.

ಜಪಾನಿ ವಾಕ್ಯಗಳನ್ನು ಬಿಡಿಸುವ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಅವಳು ಮೂರು ವರ್ಷದಿಂದ ಕಟ್ಟುತ್ತಿದ್ದಳು. ವಾಕ್ಯದ ಒಂದೊಂದು ತುಂಡೂ ಅಲ್ಲಿ ಯಾವ ಕೆಲಸಕ್ಕೆ ಬಂದಿದೆ ಎಂದು ಅದು ಹೇಳಬೇಕಿತ್ತು. ಆದರೆ ಜಪಾನಿಯರು ‘ನಾನು’, ‘ನೀನು’ ಎಂದು ಯಾರ ಬಗ್ಗೆ ಮಾತು ಎಂಬುದನ್ನು ಎಷ್ಟೋ ಸಲ ಹೇಳುವುದೇ ಇಲ್ಲ. ಅಂಥಲ್ಲೆಲ್ಲ ಕಂಪ್ಯೂಟರ್ ‘ಅಪೂರ್ಣ’ ಎಂದು ನಿಂತುಬಿಡುತ್ತಿತ್ತು. ಕೊನೆಗೆ ಅವಳು ಖಾಲಿ ಜಾಗಗಳಿಗೆಲ್ಲ ‘ನಾನು’ ಎಂದು ತುಂಬಿಸಿದಳು. ಈಗ ಒಂದು ವಾಕ್ಯವೂ ಅಪೂರ್ಣವಾಗಿಲ್ಲ. ಗುರುಗಳು ರುಜು ಹಾಕಿದರೆ ಅವಳ ಪಿಎಚ್.ಡಿ. ಪ್ರಬಂಧ ಇವತ್ತೇ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಹಾಕದಿದ್ದರೆ ಇನ್ನೊಂದು ವರ್ಷ. ಹಾಕುತ್ತಾರೆ ಎಂಬ ಧೈರ್ಯ ಅವಳಿಗಿತ್ತು.

ಗುರುಗಳು ಪೆನ್ನು ಕೆಳಗಿಟ್ಟು ಕತೆ ಹೇಳಿದರು.

ಒಬ್ಬ ವರ್ತಕ ಮಗಳ ಮದುವೆಯ ಊಟ ಹಾಕಿಸಿದ. ಬೀಗರ ಬಾಯಲ್ಲಿ ಜಿಪುಣ ಅನ್ನಿಸಿಕೊಂಡುಬಿಟ್ಟರೆ ಎಂದು ಅವನಿಗೆ ಒಂದೇ ಗಾಬರಿ. ಉಪ್ಪು, ಕೋಸಂಬರಿ, ಪಲ್ಯ ಎಲ್ಲ ಎಲೆಯ ಅಂಚಿಗೆ ಬಂದವು. ಪಂಕ್ತಿ ನೋಡುತ್ತ ಬಂದವನ ಕಣ್ಣಿಗೆ ಎಲೆಯ ನಡುಭಾಗ ಬರಿದಾಗಿ ಕಂಡಿತು.

“ನನ್ನ ಮನೆ ಎಲೆ ಇಷ್ಟು ಬೋಳಾಗಿರೋದಾ? ತುಂಬ್ರಯ್ಯಾ!”

ಬಡಿಸುವವರು ನಡುವೆಲ್ಲ ಬೂಂದಿ ಸುರಿದರು. ವರ್ತಕ ಮೀಸೆ ತಿರುವಿದ. ಅಷ್ಟರಲ್ಲಿ ಅಡುಗೆಯವನು ಬಿಸಿ ಅನ್ನ ತಂದ. ಮೊದಲ ಎಲೆಯಿಂದ ಕೊನೆಯ ಎಲೆವರೆಗೆ ನಡೆದ. ಒಂದು ಅಗುಳೂ ಬಡಿಸಲಿಲ್ಲ.

“ಯಾಕಯ್ಯ, ಕೈ ಬರಲ್ವಾ?” ಎಂದ ವರ್ತಕ.

“ಎಲ್ಲಿಗೆ ಬಡಿಸಲಿ ಧಣಿ? ಅನ್ನದ ಜಾಗ ತುಂಬಿಸಿಬಿಟ್ರಲ್ಲ. ಎಲೆ ಮುಂದೆ ಕೂತವರಲ್ಲಿ ಯಾರನ್ನು ಕೇಳಿದ್ದರೂ ಹೇಳ್ತಿದ್ದರು.”

ಅನ್ನವನ್ನೇ ಕಾಣದೆ ಬೀಗರು ಕೈ ತೊಳೆದರು.

ಕತೆ ಮುಗಿಯಿತು. ಮೇದಿನಿ ಮೆಲ್ಲಗೆ, “ಆದರೆ ಸರ್, ನೂರಕ್ಕೆ ನೂರು ವಾಕ್ಯ ಪೂರ್ತಿಯಾಗಿವೆ” ಎಂದಳು.

ಗುರುಗಳು ಪ್ರಬಂಧದ ಒಂದು ಹಾಳೆಯನ್ನು ಅವಳತ್ತ ತಿರುಗಿಸಿದರು. ಹಾಸ್ಟೆಲಿನಲ್ಲಿರುವ ಮಗಳನ್ನು ಜಪಾನಿ ತಾಯಿಯೊಬ್ಬಳು ಫೋನಿನಲ್ಲಿ ಕೇಳಿದ ಚಿಕ್ಕ ಪ್ರಶ್ನೆ ಅಲ್ಲಿತ್ತು: ‘ಊಟ ಆಯಿತಾ?’ ಅದರ ಎದುರಿಗೆ ಕಂಪ್ಯೂಟರ್ ಪೂರ್ತಿ ಮಾಡಿದ ವಾಕ್ಯ: ‘ನಾನು ಊಟ ಮಾಡಿದೆನಾ?’

ರುಜು ಹಾಕದ ಪ್ರಬಂಧವನ್ನು ಅವಳ ಕೈಗಿಡುತ್ತ ಗುರುಗಳು ಹೇಳಿದರು:

“ತಾಯಿ ಬಿಟ್ಟ ಆ ಜಾಗದಲ್ಲಿ ಮಗಳು ಕೂತಿದ್ದಳು, ಅವಳನ್ನು ಪಂಕ್ತಿಯಿಂದ ಎಬ್ಬಿಸಿಬಿಟ್ಟೆಯಲ್ಲಮ್ಮ.”