ಹಣಿಗೆ ಬಾಳವ್ವನ ತಪ್ಪು

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನ್ನ ಅಜ್ಜಿಗೂ ಗೊತ್ತಿರಲಿಲ್ಲ. ಹೊಳೆಯ ಆಚೆ ದಂಡೆಯ ಒಂದೂರಿನಲ್ಲಿ ಬಾಳವ್ವ ಎಂಬ ಹೆಂಗಸಿದ್ದಳಂತೆ. ಕಟ್ಟಿಗೆಯ ಹಣಿಗೆ ಮಾಡಿ ಮಾರುವುದು ಅವಳ ಕಸುಬು. ಹಣಿಗೆ ಕೊಂಡ ಮನೆಯಲ್ಲಿ ಮಕ್ಕಳ ತಲೆ ಬಾಚಿಕೊಟ್ಟೇ ಏಳುತ್ತಿದ್ದಳಂತೆ.

ಅವಳು ಮಗುವಿನ ಹಿಂದೆ ಕೂರುತ್ತಿದ್ದಳು. ಮುಖ ಕಾಣುವುದಿಲ್ಲವಲ್ಲ, ಮಕ್ಕಳು ತಾವಾಗಿಯೇ ಮಾತಾಡುತ್ತಿದ್ದವಂತೆ. ಯಾರು ಉಣ್ಣಿಸಿದರು, ಯಾರು ಬೈದರು, ಎಲ್ಲಿ ಮಲಗಿದೆ, ಎಲ್ಲ. ಬಾಳವ್ವ ಹೂಂ ಅನ್ನುತ್ತಿದ್ದಳೇ ಹೊರತು ಏನೂ ಕೇಳುತ್ತಿರಲಿಲ್ಲ. ಸಿಕ್ಕು ಎಷ್ಟು ದಿನದ್ದು, ಎಣ್ಣೆ ಯಾವಾಗ ಮುಟ್ಟಿತ್ತು, ಕೂದಲಡಿ ಗಾಯವಿದೆಯೇ ಅಂತ ಬೆರಳೇ ನೋಡಿಕೊಳ್ಳುತ್ತಿತ್ತು. ಮಾತು ಬಾರದ ಕೂಸಿನ ತಲೆ ಮುಟ್ಟಿ, ಅದರ ಹಸಿವು ಎಷ್ಟು ದಿನದ್ದು ಅಂತ ಹೇಳಿದ್ದಳಂತೆ. ಅದು ಸ್ವಲ್ಪ ಅತಿಯಾಯಿತು, ಆದರೆ ಹೇಳುವವರ ಬಾಯಿ ಮುಚ್ಚಿಸಲಾದೀತೇ?

ಬಾಣಂತಿ ಬಸವಳಿದು ಆರೈಕೆ ತಪ್ಪಿದ ಮನೆಯಿಂದ ಅವಳು ಮಕ್ಕಳನ್ನು ಕಿತ್ತು ತರುತ್ತಿರಲಿಲ್ಲ. ಪಕ್ಕದ ಮನೆಯವಳನ್ನು ಒಂದು ಹೊತ್ತಿನ ಅಡಿಗೆಗೆ ಒಪ್ಪಿಸಿ ಬರುತ್ತಿದ್ದಳು. ತಬ್ಬಲಿ ಮಗು ಯಾರ ಮನೆಗೆ ಹೋಗಬೇಕು ಎಂಬ ಮಾತು ಬಂದರೆ ಹಿರಿಯರು ಅವಳನ್ನು ನ್ಯಾಯ ಹೇಳುವ ಊರ ಕಟ್ಟೆಯ ಮೇಲೆ ತಮ್ಮ ಪಕ್ಕ ಕೂರಿಸಿಕೊಳ್ಳುತ್ತಿದ್ದರಂತೆ. ಅವಳು ಹೇಳಿದರೆ ಮುಗಿಯಿತು.

ಹೀಗಿರುವಾಗ ಮಾಯಕ್ಕ ಎಂಬ ಎಂಟು ವರ್ಷದ ಹುಡುಗಿಯ ತಂದೆ ತಾಯಿ ಇಬ್ಬರೂ ಒಂದೇ ಬೇನೆಯಲ್ಲಿ ಹೋದರು. ಅವಳನ್ನು ಸಾಕುತ್ತೇವೆಂದು ಇಬ್ಬರು ಮುಂದೆ ಬಂದರು. ಒಬ್ಬ ಚಿಕ್ಕಪ್ಪ ಹಾಲಪ್ಪ, ಉಂಡುಟ್ಟು ಸುಖವಾಗಿದ್ದವನು. ಇನ್ನೊಬ್ಬಳು ತಾಯಿಯ ಸೋದರತ್ತೆ ಕೆಂಚವ್ವ, ಉಣ್ಣೆ ನೂಲುವ ಒಂಟಿ ಮುದುಕಿ. ಊರ ಪದ್ಧತಿಯಂತೆ ಹುಡುಗಿ ಎಂಟೆಂಟು ದಿನ ಎರಡೂ ಮನೆಯಲ್ಲಿದ್ದಳು. ಎಂಟನೆಯ ದಿನ ಬಾಳವ್ವ ಬಾಚಲು ಬರುತ್ತಾಳೆಂದು ಎಲ್ಲರಿಗೂ ಗೊತ್ತು.

ಕೆಂಚವ್ವನ ಮನೆಯಲ್ಲಿ ಹುಡುಗಿಯ ತಲೆ ತುಂಬ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು. ಹಾಲಪ್ಪನ ಮನೆಯಲ್ಲಿ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದು ಹೂವು ಮುಡಿಸಿದ್ದರು. ಅಲ್ಲಿ ಹುಡುಗಿ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಹೆತ್ತವರ ದುಃಖ ಇರಬೇಕು ಅಂದುಕೊಂಡ ಬಾಳವ್ವ, ಕಟ್ಟೆಯಲ್ಲಿ ಹಾಲಪ್ಪನ ಮನೆಯೇ ಸರಿ ಅಂದಳು.

ಆರು ತಿಂಗಳ ಮೇಲೆ ಅವಳು ಹೇಳದೆ ಕೇಳದೆ ಹಾಲಪ್ಪನ ಮನೆಗೆ ಹೋದಳಂತೆ. ಮಾಯಕ್ಕ ದನದ ಕೊಟ್ಟಿಗೆಯಲ್ಲಿದ್ದಳು. ಬಾಚಲು ಕೂತರೆ ಹಣಿಗೆ ಇಳಿಯಲೇ ಇಲ್ಲ. ಕೂದಲಡಿ ಸುಟ್ಟ ಹಸಿ ಗಾಯ.

“ಅವತ್ತ ಯಾಕ ಹೇಳಲಿಲ್ಲ ನನ್ನವ್ವಾ?”

“ನೀ ಬರೂ ದಿನಾ ಅಷ್ಟ ಎಣ್ಣಿ ಹಚ್ಚಿದ್ರು. ಚಿಕ್ಕವ್ವ ಬಾಗಲದಾಗ ನಿಂತಿದ್ಲು.”

“ಮತ್ತ ಕೆಂಚವ್ವನ ಮನ್ಯಾಗ ತಲಿ ತುಂಬ ಉಣ್ಣಿ?”

“ಆಯಿ ನೂಲತಿದ್ಲು. ನಾ ಅಕಿ ತೊಡಿ ಮ್ಯಾಲ ಮಲಗತಿದ್ದೆ.”

ಬಾಳವ್ವ ಆಗ ಅತ್ತಳಂತೆ. ಅವಳು ಅತ್ತದ್ದು ಅದೊಂದೇ ಸಲ ಅಂತ ಊರು ಹೇಳುತ್ತದೆ.

ಹುಡುಗಿಯ ಕೈ ಹಿಡಿದು ಕಟ್ಟೆಗೆ ಬಂದಳು. ಆದ ತೀರ್ಮಾನ ತಿರುಗಿಸುವ ರೂಢಿಯಿಲ್ಲ ಅಂದರು ಹಿರಿಯರು. ಬಾಳವ್ವ ಹುಡುಗಿಯನ್ನು ಕಟ್ಟೆಯ ಮೇಲೆ ಕೂರಿಸಿ ತಾನು ನೆಲದ ಮೇಲೆ ಕೂತಳಂತೆ. ತಪ್ಪು ನನ್ನದು, ತಲೆ ನೋಡಿದೆ, ಹುಡುಗಿಯನ್ನು ಕೇಳಲಿಲ್ಲ ಅಂದಳಂತೆ. ಹಿರಿಯರು ಒಬ್ಬೊಬ್ಬರಾಗಿ ಕೆಳಗಿಳಿದು, ಹುಡುಗಿ ಮಾತಾಡಲೆಂದು ಕಾದು ಕೂತರು. ಹಿಂದೆಯೇ ಬಂದಿದ್ದ ಹಾಲಪ್ಪ ನಡುವೆ ನಾಲ್ಕು ಸಲ ಬಾಯಿ ಹಾಕಿದ, ನಾಲ್ಕು ಸಲವೂ ಅವಳು ಕೈಯೆತ್ತಿ ತಡೆದಳು. ಹೊತ್ತು ನೆತ್ತಿಗೇರಿದ ಮೇಲೆ ಮಾಯಕ್ಕ ಆಯಿಯ ಮನೆ ಅಂದಳಂತೆ. ಅಷ್ಟೇ ಅಂದದ್ದು. ಅವಳು ದೊಡ್ಡವಳಾಗುವ ತನಕ ಬಾಳವ್ವ ಆ ಮನೆಗೆ ಹೋಗುತ್ತಲೇ ಇದ್ದಳು, ಯಾವ ದಿನ ಅಂತ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಈಗಲೂ ಆ ಊರಿನಲ್ಲಿ ಮಗುವೊಂದರ ಮಾತು ಬಂದರೆ ಮಗು ಕಟ್ಟೆಯ ಮೇಲೆ, ಹಿರಿಯರು ನೆಲದ ಮೇಲೆ. ಮಗು ಮಾತಾಡುವ ತನಕ ಮಿಕ್ಕವರು ಬಾಯಿ ತೆರೆಯುವಂತಿಲ್ಲ. ಒಮ್ಮೆ ಐದು ವರ್ಷದ ಕೂಸೊಂದು ಸಂಜೆಯವರೆಗೂ ಸುಮ್ಮನೆ ಕೂತಿತ್ತಂತೆ. ಹಿರಿಯರು ಏನೂ ತೀರ್ಮಾನಿಸದೆ ಎದ್ದು ಮನೆಗೆ ಹೋದರು. ಮರುದಿನ ಬೆಳಿಗ್ಗೆ ಬಂದು ಮತ್ತೆ ನೆಲದ ಮೇಲೆ ಕೂತರು.