ಪದಕದ ಖಾಲಿ ಗೂಡು

"ಗುರುಗಳೇ, ಅಂದುಕೊಂಡ ಕೆಲಸ ಎಲ್ಲೂ ಎಡವದೆ ಮುಗಿದುಹೋದರೆ, ಅದನ್ನು ದೇವರ ದಯೆ ಎಂದು ತಿಳಿಯಬಹುದೇ?"

ಕೇಳಿದವನು ಆಶ್ರಮಕ್ಕೆ ಬಂದು ನಾಲ್ಕು ವರ್ಷವಾದ ಶಿಷ್ಯ. ಪಾಠದಲ್ಲಿ ಚುರುಕು, ಪ್ರಶ್ನೆ ಕೇಳುವುದರಲ್ಲಿ ಇನ್ನೂ ಚುರುಕು. ಹುಣಿಸೆಹಣ್ಣು ಹಚ್ಚಿ ದೀಪದ ಕಂಬಗಳನ್ನು ಉಜ್ಜುತ್ತ ಕೂತಿದ್ದ.

ಗುರುಗಳ ಕಣ್ಣು ಹೊರಗಿನ ಜಗುಲಿಯ ಮೇಲಿತ್ತು. ಅಲ್ಲಿ ಅಡಿಗೆಯ ಸಾತಜ್ಜಿ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ದೇವರಿಗೆ ತೊಡಿಸುವ ಪಚ್ಚೆಯ ಉಂಗುರ ಕಾಣದೆ ಎಂಟು ದಿನವಾಗಿತ್ತು. ಅಜ್ಜಿಯನ್ನು ಯಾರೂ ಏನೂ ಅನ್ನಲಿಲ್ಲ. ಅವಳು ಬಡಿಸಲು ಬಂದಾಗ ಮಾತು ನಿಲ್ಲಿಸುತ್ತಿದ್ದರು, ಅಷ್ಟೆ. ಗುರುಗಳು ಇರು ಎಂದರೂ ಕೇಳದೆ, ಇಪ್ಪತ್ತು ವರ್ಷ ಉರಿಸಿದ ಒಲೆಯನ್ನು ತಾನೇ ಆರಿಸಿ, ಮಗಳ ಊರಿಗೆ ಹೊರಟಿದ್ದಳು.

ಗಾಡಿಯವನು ಬಂದು, ಹೊರಡೋಣವೇ ಎಂದು ಕೇಳಿದ.

"ಬಿಸಿಲಲ್ಲಿ ಬಂದಿದ್ದೀಯ. ಎತ್ತುಗಳಿಗೆ ನೀರು ಕುಡಿಸು, ಹುಲ್ಲು ಹಾಕು. ಅವಸರವೇನಿಲ್ಲ" ಎಂದರು ಗುರುಗಳು. ಆಮೇಲೆ ಶಿಷ್ಯನ ಕಡೆ ತಿರುಗಿ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಡವೆಗೆ ಹರಳು ಕೂರಿಸುವವನೊಬ್ಬನಿದ್ದ. ಹರಳನ್ನು ಅದರ ಗೂಡಿನಲ್ಲಿ ಅರಗಿನ ಮೇಲೆ ಇಟ್ಟು, ಸುತ್ತಲೂ ಚಿನ್ನದ ರೇಕನ್ನು, ಅಂದರೆ ತೆಳು ಹಾಳೆಯನ್ನು, ಒತ್ತಿ ಕೂರಿಸುವುದು ಅವನ ಕೆಲಸ. ಕೈ ಅಂದರೆ ಕೈ. ಅವನು ಕೂರಿಸಿದ ಹರಳು ಅಲ್ಲಾಡಿತು ಎಂದು ಒಂದು ಮನೆಯವರೂ ವಾಪಸು ಬಂದವರಲ್ಲ.

ಆ ಊರಿನ ವ್ಯಾಪಾರಿಯೊಬ್ಬ ತನ್ನ ಮದುವೆಗೆಂದು ಇಪ್ಪತ್ತೊಂದು ಕೆಂಪಿನ ಹರಳುಗಳ ಪದಕ ಮಾಡಿಸಿದ. ಹರಳಿನವನೇ ಕೂರಿಸಿಕೊಟ್ಟ. ಮದುವೆ ಮುಗಿದ ಮೂರನೆಯ ದಿನ ಒಡವೆಯ ಪೆಟ್ಟಿಗೆ ತೆಗೆದು ನೋಡಿದರೆ ನಡುವಿನ ದೊಡ್ಡ ಹರಳು ಇಲ್ಲ. ಮನೆಯೆಲ್ಲ ಗುಡಿಸಿದರು, ಚಪ್ಪರ ಹಾಕಿದ್ದ ಕಡೆ ಮಣ್ಣು ಜರಡಿ ಹಿಡಿದರು. ಸಿಗಲಿಲ್ಲ. ಹರಳು ಬಿದ್ದ ಒಡವೆಯನ್ನು ಶುಭಕಾರ್ಯಕ್ಕೆ ತೊಡುವ ಪದ್ಧತಿ ಇಲ್ಲವಲ್ಲ, ವ್ಯಾಪಾರಿಯ ತಾಯಿ ಅದನ್ನು ಅದೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಮತ್ತೆ ತೆಗೆಯಲಿಲ್ಲ.

ಹರಳಿನವನನ್ನು ಯಾರೂ ಕಳ್ಳ ಎನ್ನಲಿಲ್ಲ. ಅಂದಿದ್ದರೆ ಅವನು ಅಲ್ಲ ಎನ್ನಬಹುದಿತ್ತು. ಕೆಲಸ ಕೊಡುವುದನ್ನು ನಿಲ್ಲಿಸಿದರು. ಅವನ ಹೆಂಡತಿ ಯಾರದಾದರೂ ಮನೆಗೆ ಹೋದರೆ ಅಲ್ಲಿನ ಹೆಂಗಸರು ಕೊರಳಿನ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ಅವಳು ಎಲ್ಲಿಗೂ ಹೋಗುವುದನ್ನೇ ಬಿಟ್ಟಳು. ಅಂಥ ಕೈಯಿದ್ದವನು ಬೀದಿ ಬೀದಿ ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕತೊಡಗಿದ. ಹೀಗೆ ಹತ್ತು ವರ್ಷ ಕಳೆಯಿತು.

ಆಗ ಒಬ್ಬ ದಲ್ಲಾಳಿ ಅವನನ್ನು ಹುಡುಕಿಕೊಂಡು ಬಂದ. ಆ ಮನುಷ್ಯನಿಗೆ ಊರಿನ ಎಲ್ಲ ಮನೆಗಳ ಒಳಗೂ ಗೊತ್ತು, ತನ್ನ ಮನೆಯ ಒಳಗೊಂದನ್ನು ಬಿಟ್ಟು.

"ವ್ಯಾಪಾರಿ ಮನೆಯವರೆಲ್ಲ ನಾಡಿದ್ದು ನೆಂಟರ ಮದುವೆಗೆ ಹೋಗ್ತಾರೆ. ಇರೋ ಒಡವೆಯೆಲ್ಲ ಮೈಮೇಲೆ ಹೋಗುತ್ತೆ. ಹಿಂದೆ ಉಳಿಯೋದು ಆ ಪದಕ ಒಂದೇ. ಊರ ಬಾಗಿಲಲ್ಲಿ ಕಾವಲಿನವರು ಚಿನ್ನ ಹುಡುಕ್ತಾರೆ, ಅದಕ್ಕೇ ಚಿನ್ನ ಅಲ್ಲೇ ಬಿಡೋಣ. ನೀನು ಹರಳು ಮಾತ್ರ ಬಿಡಿಸಿಕೊಡು. ಸುಣ್ಣದ ಡಬ್ಬಿಯಲ್ಲಿ ಹಾಕ್ಕೊಂಡು ಎಲೆ ಜಗೀತಾ ನಡೆದುಬಿಡೋಣ."

ಹರಳಿನವನು ಕಲಾಯಿಯ ಪಾತ್ರೆಯನ್ನು ಉಜ್ಜುತ್ತಲೇ ಇದ್ದ.

"ಕದಿಯದೇನೇ ಕಳ್ಳ ಅನ್ನಿಸಿಕೊಂಡೆಯಲ್ಲಯ್ಯ. ಹೆಸರು ಹೇಗೂ ಬಂದುಬಿಟ್ಟಿದೆ, ಹರಳು ಮಾತ್ರ ಯಾಕೆ ಬಿಡ್ತೀಯ?"

ಈ ಮಾತು ಅವನಿಗೆ ನಾಟಿತು. ಹೊಟ್ಟೆಯ ಹಸಿವಿಗಿಂತ ಹತ್ತು ವರ್ಷದ ಸಿಟ್ಟು ದೊಡ್ಡದಾಗಿತ್ತು. ಹೂಂ ಎಂದ.

ದಲ್ಲಾಳಿಯ ಲೆಕ್ಕಾಚಾರದಲ್ಲಿ ಒಂದು ತೂತೂ ಇರಲಿಲ್ಲ. ಆ ಮನೆಯ ಕಾವಲಿನವನು ಉಂಡು ಮಲಗುವ ಹೊತ್ತು ಅವನಿಗೆ ಗೊತ್ತು. ನಾಯಿಗೆ ಏನು ಇಷ್ಟ ಎಂಬುದೂ ಗೊತ್ತು. ಬೀಗ ತೆಗೆಯಲು ಇನ್ನೊಬ್ಬನನ್ನು ಗೊತ್ತುಮಾಡಿದ್ದ. ಆ ಬೀಗದವನು ಎಂಥವನೆಂದರೆ, ಬೀಗದ ಮಾಲೀಕರೇ ಕೀಲಿ ಹಿಡಿದು ಅಷ್ಟು ಬೇಗ ತೆಗೆಯಲಾರರು. ಎಲ್ಲವನ್ನೂ ಯೋಚಿಸಿದ್ದ ದಲ್ಲಾಳಿ ಒಂದನ್ನು ಮಾತ್ರ ಯೋಚಿಸಲಿಲ್ಲ. ಹರಳು ಬಿಡಿಸಲು ಅವನು ಕರೆದುಕೊಂಡು ಹೋಗುತ್ತಿದ್ದುದು ಹರಳು ಕೂರಿಸುವವನನ್ನು.

ಆ ದಿನ ನಡುಮಧ್ಯಾಹ್ನ ದಲ್ಲಾಳಿ ಬೀದಿಯ ಕೊನೆಯಲ್ಲಿ ನಿಂತ. ಉಳಿದಿಬ್ಬರು ಹಿತ್ತಲಿನಿಂದ ಒಳಗೆ ಹೋದರು. ಒಡವೆಯ ಪೆಟ್ಟಿಗೆ ಇದ್ದದ್ದು ದೇವರ ಕೋಣೆಯಲ್ಲಿ. ನಂದಾದೀಪ ಉರಿಯುತ್ತಿತ್ತು. ಬೀಗದವನು ದೇವರಿಗೆ ಒಂದು ನಮಸ್ಕಾರ ಹಾಕಿ, ಉಸಿರು ಬಿಡುವಷ್ಟರಲ್ಲಿ ಬೀಗ ಬಿಚ್ಚಿದ.

ಹರಳಿನವನು ಪದಕವನ್ನು ಕೈಗೆ ತೆಗೆದುಕೊಂಡ. ಹತ್ತು ವರ್ಷದ ಮೇಲೆ ತನ್ನ ಕೆಲಸವನ್ನು ನೋಡುತ್ತಿದ್ದ. ಇಪ್ಪತ್ತು ಹರಳುಗಳು ಕೂತಲ್ಲೇ ಕೂತಿದ್ದವು, ಒಂದೂ ಅಲುಗಿರಲಿಲ್ಲ. ನಡುವಿನ ಗೂಡು ಮಾತ್ರ ಖಾಲಿ. ಅದನ್ನು ನೋಡಿ ಅವನಿಗೆ ನಾಚಿಕೆಯಾಯಿತು. ಕದಿಯಲು ಬಂದದ್ದಕ್ಕೆ ಆಗದ ನಾಚಿಕೆ ಇದಕ್ಕೆ ಆಯಿತು, ನೋಡು.

ಒಡವೆ ಕೆಳಗಿಟ್ಟು ಬಿಡಿಸಲು ಮೆತ್ತನೆಯದು ಏನಾದರೂ ಬೇಕಿತ್ತು. ಪೆಟ್ಟಿಗೆಯ ತಳದಲ್ಲಿದ್ದ ಹತ್ತಿಯ ಮೆತ್ತೆಯನ್ನು ಎಳೆದ. ಬೆರಳಿಗೆ ಏನೋ ಗಟ್ಟಿಯಾಗಿ ತಗುಲಿತು. ಹತ್ತಿಯನ್ನು ಬಿಡಿಸಿ ನೋಡಿದರೆ ಕೆಂಪು ಹರಳು. ಬೆನ್ನಿಗೆ ಅರಗು ಅಂಟಿಕೊಂಡೇ ಇತ್ತು. ಆ ಅರಗು ಹತ್ತಿಯನ್ನು ಕಚ್ಚಿ ಹಿಡಿದು ಹತ್ತು ವರ್ಷ ಅಲ್ಲೇ ಕೂತಿತ್ತು.

ಅವನು ಹರಳನ್ನು ನೋಡಿದ, ಗೂಡಿನ ಅಂಚನ್ನು ನೋಡಿದ. ಅವನ ಕಣ್ಣಿಗೆ ಎಲ್ಲವೂ ಗೊತ್ತಾಯಿತು. ಹರಳಿನ ಸುತ್ತ ಎರಡು ಸುತ್ತು ರೇಕು ಒತ್ತಬೇಕು. ಅಲ್ಲಿ ಇದ್ದದ್ದು ಒಂದೇ ಸುತ್ತು. ಆ ದಿನವೂ ಅವನಿಗೆ ನೆನಪಾಯಿತು. ಹಬ್ಬದ ದಿನ. ಹೋಳಿಗೆ ಆರಿಹೋಗುತ್ತದೆ ಬಾ ಎಂದು ಮನೆಯಿಂದ ಮೂರು ಸಲ ಕರೆ ಬಂದಿತ್ತು. ಊಟ ಮಾಡಿ ಬಂದು ಇನ್ನೊಂದು ಸುತ್ತು ಹಾಕೋಣ ಎಂದು ಎದ್ದಿದ್ದ. ಉಂಡು ಬಂದವನು ಮರೆತಿದ್ದ. ಹರಳನ್ನು ಯಾರೂ ಕದ್ದಿರಲಿಲ್ಲ. ಬಿಸಿ ಹೋಳಿಗೆಗೋಸ್ಕರ ಅವನೇ ಕಳೆದಿದ್ದ.

"ಏನಯ್ಯ ನೋಡ್ತಾ ನಿಂತಿದ್ದೀಯ? ಅದನ್ನೂ ಡಬ್ಬಿಗೆ ಹಾಕು!" ಎಂದ ಬೀಗದವನು.

ಹರಳಿನವನ ಕೈ ಡಬ್ಬಿಯ ತನಕ ಹೋಯಿತು. ಅಲ್ಲಿ ನಿಂತಿತು. ಹತ್ತು ವರ್ಷ ಊರು ಅಂದುಕೊಂಡಿದ್ದು ಸುಳ್ಳಾಗಿತ್ತು. ಇದೊಂದು ಹರಳು ಡಬ್ಬಿಗೆ ಬಿದ್ದರೆ ಅದು ಈ ಗಳಿಗೆಯಲ್ಲಿ ನಿಜವಾಗುತ್ತದೆ. ಹತ್ತು ವರ್ಷ ಅವನ ಬಳಿ ಇದ್ದ ಒಂದೇ ಆಸ್ತಿಯೆಂದರೆ, ತಾನು ಕದ್ದಿಲ್ಲ ಎಂಬುದು. ಅದನ್ನು ಕಳ್ಳತನಕ್ಕೆ ಬಂದು ಕಳೆದುಕೊಳ್ಳುವುದರಲ್ಲಿದ್ದ.

ಅವನು ನಂದಾದೀಪದ ಮುಂದೆ ಕೂತ. ಪದಕವನ್ನು ದೀಪಕ್ಕೆ ಹಿಡಿದು ಅರಗನ್ನು ಮೆತ್ತಗೆ ಮಾಡಿದ. ಹರಳನ್ನು ಅದರ ಗೂಡಿನಲ್ಲಿ ಇಟ್ಟ. ಹರಳು ಕೀಳಲು ತಂದಿದ್ದ ಉಕ್ಕಿನ ಮೊಳೆಯಿಂದಲೇ ರೇಕನ್ನು ಒತ್ತತೊಡಗಿದ. ಕಲಾಯಿಯವನ ಚೀಲದಲ್ಲಿ ಚಿನ್ನದ ರೇಕು ಎಲ್ಲಿತ್ತು ಎನ್ನುತ್ತೀಯೋ? ಇತ್ತು. ಎಂದಾದರೂ ಯಾರಾದರೂ ಕೆಲಸ ಕೊಟ್ಟಾರು ಎಂದು ಚಿಟಿಕೆಯಷ್ಟನ್ನು ಹತ್ತು ವರ್ಷದಿಂದ ಕಾಗದದಲ್ಲಿ ಮಡಿಸಿಟ್ಟುಕೊಂಡಿದ್ದ. ಹೆಂಡತಿಗೂ ಹೇಳಿರಲಿಲ್ಲ.

"ಹುಚ್ಚು ಹಿಡೀತೇನಯ್ಯ ನಿನಗೆ? ಕೀಳೋಕೆ ಬಂದವನು ಕೂರಿಸ್ತಾ ಇದ್ದೀಯಲ್ಲ!" ಬೀಗದವನು ಅವನ ಭುಜ ಹಿಡಿದು ಎಳೆದ. ಅವನು ಏಳಲಿಲ್ಲ. ಬೀದಿಯ ಕೊನೆಯಿಂದ ದಲ್ಲಾಳಿಯ ಸಿಳ್ಳೆ ಕೇಳಿತು. ಬೀಗದವನು ಕೈಗೆ ಸಿಕ್ಕ ಬೆಳ್ಳಿಯ ಬಟ್ಟಲೊಂದನ್ನು ಪಂಚೆಯಲ್ಲಿ ಸುತ್ತಿಕೊಂಡು ಹಿತ್ತಲು ಹಾರಿ ಹೋದ.

ಬಂದವಳು ವ್ಯಾಪಾರಿಯ ತಾಯಿ. ನಂದಾದೀಪಕ್ಕೆ ಎಣ್ಣೆ ಹಾಕಿ ಬರಲಿಲ್ಲ ಎಂಬುದು ಮದುವೆಮನೆಯಲ್ಲಿ ನೆನಪಾಗಿ, ಪಂಕ್ತಿಯಿಂದ ಎದ್ದು ಬಂದಿದ್ದಳು. ಬಾಗಿಲಲ್ಲಿ ನಿಂತು ನೋಡಿದಳು. ತೆರೆದ ಪೆಟ್ಟಿಗೆ. ದೀಪದ ಮುಂದೆ ತನ್ನ ಮನೆಯ ಪದಕ ಹಿಡಿದು ಕೂತ ಗಂಡಸು. ಕೂಗಲು ಬಾಯಿ ತೆರೆದಳು.

ಹರಳಿನವನು ತಲೆಯೆತ್ತಿದ. "ತಾಯಿ, ಇನ್ನೊಂದು ಸುತ್ತು ಉಳಿದಿದೆ. ಮುಗಿಸಿಬಿಡ್ತೀನಿ. ಆಮೇಲೆ ಕೂಗಿ."

ಮುದುಕಿ ಯಾಕೆ ಸುಮ್ಮನಾದಳೋ, ಅವಳಿಗೇ ಗೊತ್ತಿರಲಿಲ್ಲ. ಬಾಗಿಲಿಗೆ ಒರಗಿ ನಿಂತಳು. ಅವನು ಎರಡನೆಯ ಸುತ್ತು ಹಾಕಿದ. ಹತ್ತು ವರ್ಷ ತಡವಾಗಿ ಹಾಕಿದ, ಆದರೆ ಅವಸರ ಮಾಡಲಿಲ್ಲ. ಉಗುರಿನಿಂದ ತಟ್ಟಿ ನೋಡಿ, ಪದಕವನ್ನು ಅವಳ ಕೈಗೆ ಕೊಟ್ಟ. ಅವಳು ಒಂದೊಂದೇ ಹರಳನ್ನು ಮುಟ್ಟಿ ಎಣಿಸಿದಳು. ಇಪ್ಪತ್ತೊಂದು.

"ಎಲ್ಲಿತ್ತಪ್ಪ ಇದು?"

"ನಿಮ್ಮ ಪೆಟ್ಟಿಗೆಯ ಹತ್ತಿಯಲ್ಲೇ ಇತ್ತು ತಾಯಿ. ಬಿದ್ದದ್ದು ನನ್ನ ಕೈತಪ್ಪಿನಿಂದ. ಅವತ್ತು ಒಂದು ಸುತ್ತು ಕಡಿಮೆ ಹಾಕಿದ್ದೆ."

ಮುದುಕಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಮೆತ್ತೆ ಎತ್ತಿ ನೋಡದೆ ನಿನ್ನ ಮೇಲೆ ಅನುಮಾನ ಪಟ್ಟೆವಲ್ಲೋ, ಹತ್ತು ವರ್ಷ!" ಎಂದು ಅತ್ತಳು.

"ಅಳಬೇಡಿ ತಾಯಿ. ಇವತ್ತು ಕದಿಯೋದಕ್ಕೇ ಬಂದಿದ್ದೆ. ಅದನ್ನೂ ತಿಳಿದುಕೊಳ್ಳಿ" ಎಂದ ಅವನು. ಹೇಳಿದ ಮೇಲೆ ಅವನಿಗೂ ಅಳು ಬಂತು. ಅವನು ಅತ್ತದ್ದು ಹೆದರಿಕೆಯಿಂದಲ್ಲ. ಹತ್ತು ವರ್ಷದ ಮೇಲೆ ಒಬ್ಬರು ಅವನ ಮಾತನ್ನು ನಂಬಿದ್ದರು.

ಮದುವೆಯಿಂದ ಮನೆಯವರು ಬಂದರು, ವಿಷಯ ನ್ಯಾಯಾಧಿಕಾರಿಯ ತನಕ ಹೋಯಿತು. ಅಲ್ಲಿ ಅವನು ನಡೆದದ್ದನ್ನೆಲ್ಲ ಹೇಳಿದ. ಜೊತೆಯಲ್ಲಿ ಬಂದವರು ಯಾರು ಎಂದು ಕೇಳಿದರೆ, "ನಾನು ಬಂದದ್ದು ನನ್ನ ಕಾಲಿನಿಂದ. ಅವರದನ್ನು ಅವರೇ ಬಂದು ಹೇಳಲಿ" ಎಂದ. ಯಾರೂ ಬರಲಿಲ್ಲ. ಮನೆ ಹೊಕ್ಕದ್ದಕ್ಕೆ ಆರು ತಿಂಗಳ ಸೆರೆಯಾಯಿತು. ಬೆಳ್ಳಿಯ ಬಟ್ಟಲು ಸಿಗಲಿಲ್ಲವಲ್ಲ, ಅದೂ ಇವನ ತಲೆಗೇ ಬಂದು ಇನ್ನೂ ಆರು ತಿಂಗಳು ಸೇರಿತು.

ಬಿಡುಗಡೆಯ ದಿನ ಸೆರೆಮನೆಯ ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಅವಳ ಪಕ್ಕದಲ್ಲಿ ಊರಿನ ಇನ್ನೊಬ್ಬ ಹೆಂಗಸು. ಅವಳು ಕಿವಿಯಿಂದ ಓಲೆ ಬಿಚ್ಚಿ ಅವನ ಕೈಯಲ್ಲಿಟ್ಟು, "ಒಂದು ಹರಳು ಅಲ್ಲಾಡ್ತಾ ಇದೆ ಅಣ್ಣ, ನೋಡ್ತೀಯಾ?" ಎಂದಳು. ಅವನಿಗೆ ಓಲೆ ಕಾಣಿಸಲಿಲ್ಲ, ಕಣ್ಣು ಅಷ್ಟು ತುಂಬಿತ್ತು.

ಆಮೇಲೆ ಅವನು ಬಹಳ ಕಾಲ ಬದುಕಿದ. ಪ್ರತಿದಿನ ಕೆಲಸಕ್ಕೆ ಕೂರುವ ಮುನ್ನ ಆ ಮುದುಕಿಯ ಮನೆಯ ದಿಕ್ಕಿಗೆ ಕೈ ಮುಗಿಯುತ್ತಿದ್ದ. ಸಿಕ್ಕಿಹಾಕಿಕೊಂಡ ಮನೆಗೆ ಯಾಕಪ್ಪ ಕೈ ಮುಗಿಯುತ್ತೀಯ ಎಂದು ಯಾರಾದರೂ ನಕ್ಕರೆ ಹೇಳುತ್ತಿದ್ದ: "ಅವತ್ತು ಅಂದುಕೊಂಡ ಹಾಗೆ ಎಲ್ಲ ಆಗಿದ್ದರೆ ನಾನು ಇವತ್ತು ಕಳ್ಳ. ಆಗದ ಹಾಗೆ ನೋಡಿಕೊಂಡ ದೇವರು ದೊಡ್ಡವನು. ಎಣ್ಣೆ ಮರೆತ ಆ ತಾಯಿ ಇನ್ನೂ ದೊಡ್ಡವಳು."

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಎತ್ತುಗಳು ನೀರು ಕುಡಿದಾಗಿತ್ತು. ಗಾಡಿಯವನು ಅವನ್ನು ನೊಗಕ್ಕೆ ಕಟ್ಟುತ್ತಿದ್ದ. ಸಾತಜ್ಜಿ ಗಂಟು ಎತ್ತಿಕೊಂಡು ಎದ್ದಳು.

ಶಿಷ್ಯ ಉಜ್ಜುತ್ತಿದ್ದ ದೀಪದ ಕಂಬವನ್ನು ಕೆಳಗಿಟ್ಟಿದ್ದ. ಹುಣಿಸೆ ಹತ್ತಿದ ತನ್ನ ಕೈಯನ್ನು ನೋಡುತ್ತ ಮೆಲ್ಲಗೆ ಕೇಳಿದ:

"ಆ ಬೀಗದವನು ಕೊನೆಗಾದರೂ ಬಂದು ಹೇಳಿದನೇ, ಗುರುಗಳೇ?"

"ಅದನ್ನು ನೀನೇ ಹೇಳಬೇಕಪ್ಪ, ಗಾಡಿ ಇನ್ನೂ ಹೊರಟಿಲ್ಲ."